ಒರೆಸಿದಷ್ಟೂ ಒದ್ದೆ: ಉಡುಪಿಯ ಒಂದು ಜಿಮ್ಮಿನ ಮಳೆಗಾಲ

ಬೇರೆ ಊರುಗಳಲ್ಲಿ ಜಿಮ್ ತುಂಬುವುದು ಜನವರಿಯಲ್ಲಂತೆ. ನಮ್ಮಲ್ಲೂ ಜನವರಿಗೆ ಒಂದಷ್ಟು ಜನ ಬರುತ್ತಾರೆ, ಫೆಬ್ರವರಿಗೆ ಕಾಣೆಯಾಗುತ್ತಾರೆ. ಆದರೆ ಉಡುಪಿಯಲ್ಲಿ ನಿಜವಾದ ರಶ್ ಶುರುವಾಗುವುದು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ. ಅಜ್ಜರಕಾಡಿನಲ್ಲಿ ಬೆಳಿಗ್ಗೆ ಓಡುತ್ತಿದ್ದವರು, ಮಲ್ಪೆಯಲ್ಲಿ ಸಂಜೆ ನಡೆಯುತ್ತಿದ್ದವರು ಎಲ್ಲ ಸೂರಿನಡಿಗೆ ಬರುತ್ತಾರೆ. ಅಷ್ಟರಲ್ಲಿ ಕಾಲೇಜು ಶುರುವಾಗಿ ಹಾಸ್ಟೆಲ್ ಹುಡುಗರು ಬರುತ್ತಾರೆ. ಕೃಷ್ಣಾಷ್ಟಮಿ ಹತ್ತಿರವಾದಂತೆ ಹುಲಿವೇಷದ ತಂಡದವರು. ಅಷ್ಟಮಿಯ ಮರುದಿನದ ಮೆರವಣಿಗೆ, ಅಂದರೆ ವಿಟ್ಲಪಿಂಡಿಯ ದಿನ ಬರೀ ಮೈಗೆ ಬಣ್ಣ ಬಳಿದು ರಥಬೀದಿಯಲ್ಲಿ ಕುಣಿಯಬೇಕಲ್ಲ, ಹೊಟ್ಟೆ ಕಂಡರೆ ಹುಲಿಗೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಹಾಗಾಗಿ ನಮಗೆ ಅತಿ ಹೆಚ್ಚು ಜನ ಬರುವ ತಿಂಗಳು ಮತ್ತು ಮನೆಯಲ್ಲಿ ಒಂದು ಬನಿಯನ್ ಕೂಡ ಒಣಗದ ತಿಂಗಳು, ಎರಡೂ ಒಂದೇ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇದು ಹುಟ್ಟಿದಂದಿನಿಂದ ಗೊತ್ತಿರುವ ವಿಷಯ. ಆದರೂ ಜಿಮ್ಮಿನ ಕ್ಲೀನಿಂಗ್‌ಗೂ ಇದಕ್ಕೂ ಸಂಬಂಧ ಉಂಟು ಎಂದು ತಿಳಿಯಲು ನಮಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ನಮ್ಮದು ಕುಂಜಿಬೆಟ್ಟಿನಲ್ಲಿ, ಅಂಗಡಿಗಳ ಮೇಲಿನ ಮೊದಲ ಮಹಡಿ. ಸುಮಾರು 1,600 ಚದರಡಿ. ನಾಲ್ಕು ಟ್ರೆಡ್‌ಮಿಲ್, ಎಂಟು ಯಂತ್ರ, ಆರು ಬೆಂಚು, ಡಂಬೆಲ್ ಸ್ಟ್ಯಾಂಡ್, ಎರಡು ಎಸಿ. ನಾನು ಇದರಲ್ಲಿ ಪಾಲುದಾರ. ಲೆಕ್ಕಪತ್ರ, ರಿಪೇರಿ, ಬೈಗುಳ ಮೂರೂ ನನ್ನ ಪಾಲಿಗೆ. ಮೇ ಕೊನೆಗೆ 118 ಇದ್ದ ಸದಸ್ಯರು ಜುಲೈ ನಡುವೆ 187 ಆದರು. ಖುಷಿಯೇ. ಆದರೆ ಒಂದೇ ತಿಂಗಳಲ್ಲಿ ನಾಲ್ಕು ದೂರು ಬಂದವು. ಒಂದು, ಒಳಗೆ ಕಾಲಿಟ್ಟ ಕೂಡಲೇ ಮುಗ್ಗಲು ವಾಸನೆ. ಎರಡು, ಒಬ್ಬ ಸದಸ್ಯರಿಗೆ ಬೆನ್ನಲ್ಲಿ ಗಜಕರ್ಣ. ಮೂರು, ನಡುವಿನ ಟ್ರೆಡ್‌ಮಿಲ್ ನಿಂತೇ ಹೋಯಿತು. ನಾಲ್ಕನೆಯದು ದೂರಲ್ಲ, ಅಪಘಾತ. ಡಂಬೆಲ್ ಸ್ಟ್ಯಾಂಡ್ ಹತ್ತಿರ ಒಬ್ಬರು ಜಾರಿ ಬಿದ್ದರು. ಕೈಯಲ್ಲಿ 15 ಕೆಜಿ ಇತ್ತು. ಅದು ಕಾಲ ಮೇಲೆ ಬೀಳದೆ ಪಕ್ಕಕ್ಕೆ ಬಿತ್ತು. ಮೊಣಕೈ ತರಚಿದ್ದಷ್ಟೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಮಾಡಿದ ತಪ್ಪು

ಕೊಳೆ ಜಾಸ್ತಿಯಾಗಿದೆ, ಕ್ಲೀನಿಂಗ್ ಜಾಸ್ತಿ ಮಾಡೋಣ. ಯಾರಿಗಾದರೂ ಮೊದಲು ಹೊಳೆಯುವುದು ಇದೇ. ದಿನಕ್ಕೆ ಒಂದು ಸಲ ಇದ್ದ ನೆಲ ಒರೆಸುವ ಕೆಲಸವನ್ನು ಎರಡು ಸಲ ಮಾಡಿದೆವು. ಫಿನಾಯಿಲ್ ಪ್ರಮಾಣ ಏರಿಸಿದೆವು. ಬಾಗಿಲಲ್ಲಿ ಕಾಲೊರೆಸಲು ಇನ್ನೊಂದು ಗೋಣಿಚೀಲ ಹಾಸಿದೆವು. ಕೊರೊನಾ ಕಾಲದಿಂದ ಉಳಿದು ಬಂದ ಅಭ್ಯಾಸದಂತೆ ಬೆಂಚುಗಳಿಗೆಲ್ಲ ಸ್ಯಾನಿಟೈಸರ್ ಹೊಡೆದೆವು. ‘ದಯವಿಟ್ಟು ಬೆವರು ಒರೆಸಿ’ ಎಂದು ಬೋರ್ಡ್ ಬರೆಸಿದೆವು. ಹೊರಗಿನ ಶೂ ಹಾಕಿ ಬಂದರೆ 50 ರೂಪಾಯಿ ದಂಡ ಎಂದೂ ಬರೆಸಿದೆವು.

ಹತ್ತು ದಿನದಲ್ಲಿ ವಾಸನೆ ಇಮ್ಮಡಿಯಾಯಿತು. ಮುಗ್ಗಲಿಗೆ ಫಿನಾಯಿಲ್ ಬೆರೆತರೆ ಹೇಗಿರುತ್ತದೆ ಎಂಬುದನ್ನು ಹೇಳುವುದು ಬೇಡ, ಮಳೆಗಾಲದ ರೈಲ್ವೆ ವೇಟಿಂಗ್ ರೂಮ್ ನೆನಪಿಸಿಕೊಳ್ಳಿ. ದಂಡವನ್ನು ಒಬ್ಬರಿಂದಲೂ ವಸೂಲಿ ಮಾಡಲಾಗಲಿಲ್ಲ. ಟ್ರೈನರ್ ಹುಡುಗ ನೇರವಾಗಿಯೇ ಹೇಳಿದ: “ಅಣ್ಣ, ನಮ್ಮ ಹೈಸ್ಕೂಲ್ ಮಾಷ್ಟ್ರ ಹತ್ರ ನಾನು ದಂಡ ಕೇಳುವುದಾ?” ಕೆಲವರು ದಂಡಕ್ಕೆ ಹೆದರಿ ಬರಿಗಾಲಲ್ಲಿ ವ್ಯಾಯಾಮ ಶುರು ಮಾಡಿದರು. ಅದು ಇನ್ನೂ ಅಪಾಯ.

ಒಂದು ದಿನ ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರ ತನಕ ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಸುಮ್ನೆ ನೋಡೋಣ ಎಂದು. ಜನ ಇದ್ದದ್ದು ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಆರರಿಂದ ಒಂಬತ್ತು. ಕ್ಲೀನಿಂಗ್ ನಡೆದದ್ದು ಬೆಳಿಗ್ಗೆ ಐದೂವರೆಗೆ ಮತ್ತು ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಒರೆಸಿದ ನೆಲ ಒಣಗುವ ಮೊದಲೇ ಆರು ಗಂಟೆಯವರು ಅದರ ಮೇಲೆ ನಡೆದರು. ಸಂಜೆಯ ಆ ಮೂರು ಗಂಟೆ ಇಡೀ ಹಾಲ್‌ಗೆ ದಿಕ್ಕಿಲ್ಲ. ಮೂಲೆಯಲ್ಲಿ ಒಂದು ಸ್ಪ್ರೇ ಬಾಟಲಿ, ಒಂದು ಹಳದಿ ಬಟ್ಟೆ. ಸಂಜೆ ಬಂದ 64 ಜನರಲ್ಲಿ ಅದನ್ನು ಮುಟ್ಟಿದವರು ಏಳು ಮಂದಿ. ರಾತ್ರಿ ಆ ಬಟ್ಟೆಯನ್ನು ನಾನೇ ಮೂಸಿ ನೋಡಿದೆ. ಮುಟ್ಟದ 57 ಜನರೇ ಬುದ್ಧಿವಂತರು.

ಲೆಕ್ಕವನ್ನೂ ಹಾಕಿ ನೋಡಿದೆ. ಜೋರಾಗಿ ವ್ಯಾಯಾಮ ಮಾಡುವವನ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ. ಅರ್ಧ ಲೀಟರ್ ಎಂದೇ ಹಿಡಿಯಿರಿ, 64 ಜನ, ತಲಾ ಒಂದು ಗಂಟೆ. 32 ಲೀಟರ್. ಎರಡು ಕೊಡಪಾನಕ್ಕಿಂತ ಜಾಸ್ತಿ ನೀರನ್ನು ಪ್ರತಿ ಸಂಜೆ ಒಂದು ಮುಚ್ಚಿದ ಕೋಣೆಯಲ್ಲಿ ಚೆಲ್ಲಿದ ಹಾಗೆ. ಅದರ ಮೇಲೆ ನಾವು ನಾಲ್ಕು ಬಕೆಟ್ ಫಿನಾಯಿಲ್ ನೀರು ಬೇರೆ ಹಾಕುತ್ತಿದ್ದೆವು.

ನನಗೆ ಇದು ಇಷ್ಟು ಸ್ಪಷ್ಟವಾಗಿ ಹೊಳೆದದ್ದು ಲೆಕ್ಕದಿಂದಲ್ಲ. ನಮ್ಮಲ್ಲಿ ಕ್ಲೀನಿಂಗಿಗೆ ಬರುವ ಅಕ್ಕ ಮಾಪ್ ಹಿಂಡುತ್ತಾ ಹೇಳಿದ ಮಾತಿನಿಂದ. “ಎಷ್ಟು ಒರೆಸಿದರೂ ಎಂತ ಪ್ರಯೋಜನ ಅಣ್ಣ? ಆಟಿ ತಿಂಗಳಲ್ಲಿ ನಮ್ಮ ಮನೆ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ನೀವು ನೆಲ ಒಣಗ್ತದೆ ಹೇಳ್ತೀರಿ.” ಆಟಿ ಎಂದರೆ ನಮ್ಮ ತುಳು ಲೆಕ್ಕದಲ್ಲಿ ಜುಲೈ-ಆಗಸ್ಟ್‌ನ ಮಳೆ ತಿಂಗಳು. ಅವರು ಇದನ್ನು ಜೂನ್‌ನಲ್ಲೇ ಟ್ರೈನರ್ ಹತ್ತಿರ ಹೇಳಿದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ರಬ್ಬರ್ ಎತ್ತಿದಾಗ

ಭಾರ ಎತ್ತುವ ಭಾಗದಲ್ಲಿ ಟೈಲ್ಸ್ ನೆಲದ ಮೇಲೆ ರಬ್ಬರ್ ಹಾಸು ಇದೆ. ಎರಡಡಿ ಚೌಕದ ತುಂಡುಗಳು, ಒಂದಕ್ಕೊಂದು ತಾಗಿಸಿ ಹಾಕಿದ್ದು. ಅಕ್ಕ ಹೇಳಿದ ದಿನವೇ ಮೂಲೆಯ ಒಂದು ತುಂಡನ್ನು ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಿದೆವು. ಆ ಮೂಲೆಗೆ ಮಾಪ್ ಹಾಕಿ ಎರಡು ದಿನ ಆಗಿತ್ತು. ಮೇಲೆ ಒಣಗಿದಂತೆ ಕಾಣುತ್ತಿತ್ತು. ಕೆಳಗೆ ನೀರು ಹಾಗೇ ನಿಂತಿತ್ತು. ರಬ್ಬರಿನ ಅಡಿಯಲ್ಲಿ ಕಪ್ಪು ಲೋಳೆ, ಬೆರಳಿಟ್ಟರೆ ಜಾರುತ್ತದೆ. ಅಂಚಿನಲ್ಲಿ ಬಿಳಿ ಬೂಷ್ಟು. ತಿಂಗಳಿಡೀ ಹುಡುಕಿದ ವಾಸನೆಯ ಮನೆ ಅದೇ. ಡಂಬೆಲ್ ಹಿಡಿದವರು ಜಾರಿ ಬಿದ್ದ ಜಾಗವೂ ಅದರ ಪಕ್ಕದ್ದೇ. ಕಾಲಿಟ್ಟಾಗ ಸಂದಿನಿಂದ ನೀರು ಮೇಲೆ ಚಿಮ್ಮುತ್ತಿತ್ತು.

ಒಂದು ಭಾನುವಾರ ಜಿಮ್ ಬಂದ್ ಮಾಡಿ ಎಲ್ಲ ತುಂಡು ಎಬ್ಬಿಸಿ, ಸಾಬೂನು ನೀರಲ್ಲಿ ಉಜ್ಜಿ, ಗೋಡೆಗೆ ಒರಗಿಸಿ, ಫ್ಯಾನು ಎಸಿ ಹಾಕಿ ಮಾರನೆಯ ದಿನದ ತನಕ ಒಣಗಿಸಿದೆವು. ರಶ್ ಸಮಯದಲ್ಲಿ ಒಂದೂವರೆ ದಿನ ಬಾಗಿಲು ಹಾಕುವುದಕ್ಕೆ ಇನ್ನೊಬ್ಬ ಪಾಲುದಾರ ಒಪ್ಪಿರಲಿಲ್ಲ. ಆ ತುಂಡನ್ನು ಅವನ ಮೂಗಿನ ಹತ್ತಿರ ಹಿಡಿದೆ, ಒಪ್ಪಿದ.

ಆಮೇಲೆ ನಿಯಮ ಬದಲಾಯಿತು. ರಬ್ಬರ್ ಭಾಗಕ್ಕೆ ಬಕೆಟ್ ಇಲ್ಲ. ಮೊದಲು ವ್ಯಾಕ್ಯೂಮ್, ನಂತರ ಗಟ್ಟಿಯಾಗಿ ಹಿಂಡಿದ ಮೈಕ್ರೋಫೈಬರ್ ಮಾಪ್, ಅದಕ್ಕೆ ಸಾಬೂನು ನೀರನ್ನು ಸ್ಪ್ರೇಯಲ್ಲಿ ಎರಡು ಸಲ ಹೊಡೆದರೆ ಸಾಕು. ಒರೆಸಿದ ಗುರುತು ಎರಡು ಮೂರು ನಿಮಿಷದಲ್ಲಿ ಮಾಯವಾಗಬೇಕು. ಆಗದಿದ್ದರೆ ನೀರು ಜಾಸ್ತಿ ಆಯಿತು ಎಂದರ್ಥ.

ಗಾಳಿಯ ವಿಷಯದಲ್ಲೂ ತಲೆಕೆಳಗು ಮಾಡಿಕೊಂಡಿದ್ದೆವು. ರಾತ್ರಿ ಬಾಗಿಲು ಹಾಕುವಾಗ ‘ಗಾಳಿ ಆಡಲಿ’ ಎಂದು ಕಿಟಕಿ ತೆರೆದಿಟ್ಟು ಹೋಗುತ್ತಿದ್ದೆವು. ಹೊರಗೆ ಜಡಿಮಳೆ, ಒಳಗೆ ತಣ್ಣಗಿನ ಕಬ್ಬಿಣ. ಬೆಳಿಗ್ಗೆ ಬಾರ್‌ಬೆಲ್ ಮೇಲೆ ಕೈ ಆಡಿಸಿದರೆ ಬೆರಳು ಒದ್ದೆ. ಒಂದು ಸಣ್ಣ ಡಿಜಿಟಲ್ ತೇವಾಂಶ ಮೀಟರ್ ತಂದು ಗೋಡೆಗೆ ತೂಗಿಸಿದೆ. ಕಿಟಕಿ ತೆರೆದಿಟ್ಟ ರಾತ್ರಿಯ ಬೆಳಿಗ್ಗೆ ಅದು ಶೇಕಡಾ 91 ತೋರಿಸಿತು. ತೇವಾಂಶ 70ರ ಮೇಲೆ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ. ಈಗ ಜನ ಇರುವಾಗ ಎಕ್ಸಾಸ್ಟ್ ಫ್ಯಾನ್ ಓಡುತ್ತದೆ, ಯಾಕೆಂದರೆ ಆಗ ಒಳಗಿನ ಬೆವರಿನ ಹವೆ ಹೊರಗೆ ಹೋಗಲೇಬೇಕು. ಕೊನೆಯ ಸದಸ್ಯ ಹೋದ ಮೇಲೆ ಕಿಟಕಿ ಮುಚ್ಚಿ, ಎಸಿಯನ್ನು ಡ್ರೈ ಮೋಡ್‌ಗೆ ಹಾಕಿ ಟೈಮರ್‌ನಲ್ಲಿ ಒಂದೂವರೆ ಗಂಟೆ. ಸೀಲಿಂಗ್ ಫ್ಯಾನ್ ಎರಡು ಇಡೀ ರಾತ್ರಿ. ದಿನಕ್ಕೆ ನಾಲ್ಕೈದು ಯೂನಿಟ್ ಕರೆಂಟ್ ಜಾಸ್ತಿ. ಬೆಳಿಗ್ಗೆ ಮೀಟರ್ 68, 72 ಹೀಗೆ ತೋರಿಸುತ್ತದೆ. ಸತತ ಮಳೆ ಹಿಡಿದ ವಾರ 78ಕ್ಕೆ ಹೋದದ್ದೂ ಉಂಟು.

ಬೆಂಚಿನ ಹೊಟ್ಟೆಯಲ್ಲಿ

ಬೆಂಚುಗಳ ರೆಕ್ಸಿನ್ ಮೇಲೆ ಸಣ್ಣ ಸಣ್ಣ ಬಿರುಕು ಬಂದಿತ್ತು. ಹಳತಾಯಿತು ಎಂದುಕೊಂಡಿದ್ದೆವು. ಹೊಲಿಸಲು ಕರೆಸಿದ ಕುಶನ್ ಕೆಲಸದವರು ನೋಡಿದ ಕೂಡಲೇ ಕೇಳಿದ್ದು, “ಇದಕ್ಕೆ ಸ್ಯಾನಿಟೈಸರ್ ಹಾಕ್ತೀರಾ?” ಸ್ಪಿರಿಟ್ ದಿನಾ ಬಿದ್ದರೆ ರೆಕ್ಸಿನ್ ಒಳಗಿನ ಮೆದುಪು ಹೋಗಿ, ಗಟ್ಟಿಯಾಗಿ ಒಡೆಯುತ್ತದೆ. ಅವರು ಬ್ಲೇಡಿನಲ್ಲಿ ಸೀಟ್ ಕೊಯ್ದು ತೋರಿಸಿದರು. ಒಳಗಿನ ಫೋಮ್ ಚಹಾ ಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ನೀರು ಬಂತು. ಬಿರುಕಿನಿಂದ ಒಳಗಿಳಿದ ಬೆವರು. ಮೇಲಿಂದ ನೀವು ಎಂಥ ದುಬಾರಿ ದ್ರಾವಣ ಹೊಡೆದರೂ ಅದನ್ನು ಮುಟ್ಟಲಿಕ್ಕಾಗುವುದಿಲ್ಲ. ಮೂರು ಬೆಂಚಿನ ಫೋಮ್ ಎಸೆದೆವು.

ಈಗ ಬೆಂಚಿಗೆ ತೆಳುವಾದ ಸಾಬೂನು ನೀರು, ಹಿಂದೆಯೇ ಒಣ ಬಟ್ಟೆ. ರೋಗಾಣು ಕೊಲ್ಲುವ ದ್ರಾವಣ ರಾತ್ರಿ ಒಂದೇ ಸಲ. ನಾವು ತರುವುದು ಬೆಂಜಲ್ಕೋನಿಯಮ್ ಕ್ಲೋರೈಡ್ ಇರುವ ಬಗೆಯದು. ಅದರ ಲೇಬಲ್ ಓದಿದರೆ ಹತ್ತು ನಿಮಿಷ ಮೇಲ್ಮೈ ಒದ್ದೆ ಇರಬೇಕು ಎಂದಿದೆ. ಸಂಜೆ ಏಳು ಗಂಟೆಗೆ ಬೆಂಚಿಗಾಗಿ ಮೂವರು ಕಾಯುತ್ತಿರುವಾಗ ಯಾರು ಹತ್ತು ನಿಮಿಷ ನಿಲ್ಲುತ್ತಾರೆ? ಸ್ಪ್ರೇ ಹೊಡೆದು ಕೂಡಲೇ ಒರೆಸಿದರೆ ಸಮಾಧಾನ ಸಿಗುತ್ತದೆ, ಕೆಲಸ ಆಗುವುದಿಲ್ಲ. ಆದ್ದರಿಂದ ರಶ್‌ನಲ್ಲಿ ಬೆವರು ತೆಗೆಯುವುದು ಮಾತ್ರ ಗುರಿ, ಉಳಿದದ್ದು ಬಾಗಿಲು ಹಾಕಿದ ಮೇಲೆ. ಬ್ಲೀಚಿಂಗ್ ಅಂತೂ ಬಾತ್‌ರೂಮಿಗೆ ಮಾತ್ರ. ಕಬ್ಬಿಣಕ್ಕೆ, ಕ್ರೋಮಿಗೆ ತಾಗಿದರೆ ತುಕ್ಕು ಓಡಿ ಬರುತ್ತದೆ. ಬಾತ್‌ರೂಮಿನಲ್ಲೂ ಆಸಿಡ್ ಹಾಕುವ ದಿನ ಬ್ಲೀಚಿಂಗ್ ಡಬ್ಬಿಗೆ ಕೈ ಹಾಕುವಂತಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್. ಅಕ್ಕನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಒಂದು ಸಲ ಕೆಮ್ಮುತ್ತಾ ಹೊರಗೆ ಓಡಿ ಬಂದಿದ್ದರಂತೆ. ನಮ್ಮ ತಪ್ಪು, ಅವರದ್ದಲ್ಲ.

ಹಳದಿ ಬಟ್ಟೆಯ ಬದಲು 40 ಮೈಕ್ರೋಫೈಬರ್ ಬಟ್ಟೆ ತಂದೆವು. ಒಂದು ಬುಟ್ಟಿಯಲ್ಲಿ ಒಗೆದದ್ದು, ಇನ್ನೊಂದರಲ್ಲಿ ಬಳಸಿದ್ದು. ಬಟ್ಟೆ ಒಗೆಯುವುದು ಸುಲಭ, ಒಣಗಿಸುವುದೇ ಕಷ್ಟ. ಟೆರೇಸಿನ ಶೀಟ್ ಕೆಳಗೆ ಹಾಕಿ ನೋಡಿದೆವು, ಹುಳಿ ವಾಸನೆ. ಕೊನೆಗೆ ಮಣಿಪಾಲ ನೆನಪಾಯಿತು. ವಿದ್ಯಾರ್ಥಿಗಳ ಊರು, ಕಿಲೋ ಲೆಕ್ಕದಲ್ಲಿ ಒಗೆದು ಡ್ರೈಯರ್‌ನಲ್ಲಿ ಒಣಗಿಸಿ ಕೊಡುವ ಲಾಂಡ್ರಿಗಳಿವೆ. ದಿನ ಬಿಟ್ಟು ದಿನ ಟ್ರೈನರ್ ಬೈಕಿನಲ್ಲಿ ಒಂದು ಚೀಲ ಹೋಗುತ್ತದೆ, ಒಂದು ಚೀಲ ಬರುತ್ತದೆ.

ಗಜಕರ್ಣ ಆದವರ ವಿಷಯ. ಅದು ನಮ್ಮ ಬೆಂಚಿನಿಂದಲೇ ಬಂತು ಎಂದು ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಅವರನ್ನು ಪಕ್ಕಕ್ಕೆ ಕರೆದು, ಚರ್ಮದ ಡಾಕ್ಟರಿಗೆ ತೋರಿಸಿ ವಾಸಿಯಾದ ಮೇಲೆ ಬನ್ನಿ, ಅಷ್ಟು ದಿನ ಸದಸ್ಯತ್ವ ಮುಂದಕ್ಕೆ ಹಾಕುತ್ತೇವೆ ಎಂದೆ. ಅವರು ಅದಾಗಲೇ ಮೆಡಿಕಲ್‌ನಿಂದ ಯಾವುದೋ ಕ್ರೀಮ್ ತಂದು ಹಚ್ಚಿದ್ದರು. ಅಂಥವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ಕಡಿಮೆಯಾಗುತ್ತದೆ, ಫಂಗಸ್ ಹರಡುತ್ತದೆ. ಸ್ವಂತ ಟವೆಲ್ ಇಲ್ಲದೆ ಬೆಂಚಿಗೆ ಮೈ ತಾಗಿಸಬಾರದು ಎಂಬ ನಿಯಮ ಆ ವಾರವೇ ಬಂತು. ಇದೊಂದನ್ನು ಜನ ತಕರಾರಿಲ್ಲದೆ ಒಪ್ಪಿದರು, ಭಯಕ್ಕೆ.

ಶೂ ಮತ್ತು ಕೊಡೆ

ಇಲ್ಲಿನ ಕೆಂಪು ಮಣ್ಣು ಒದ್ದೆ ಇರುವಾಗ ಅಂಟು, ಒಣಗಿದರೆ ಪುಡಿ. ಆ ಪುಡಿ ಟ್ರೆಡ್‌ಮಿಲ್ ಬೆಲ್ಟಿನ ಅಡಿಗೆ ಹೋದರೆ ಮರಳು ಕಾಗದ ಇಟ್ಟ ಹಾಗೆ. ನಡುವಿನ ಟ್ರೆಡ್‌ಮಿಲ್ ನಿಂತದ್ದು ಹಾಗೇ. ಬೆಲ್ಟ್ ಒಣಗಿ ಉಜ್ಜಿ ಉಜ್ಜಿ ಮೋಟಾರ್ ಬಿಸಿಯಾಗಿತ್ತು. ಯಾರೋ ಒಳ್ಳೆಯ ಮನಸ್ಸಿನಿಂದ ತುಕ್ಕು ಬಿಡಿಸುವ ಸ್ಪ್ರೇಯನ್ನೂ ಅದಕ್ಕೆ ಹೊಡೆದಿದ್ದರು. ಬೆಲ್ಟಿಗೆ ಬೇಕಾದದ್ದು ಸಿಲಿಕೋನ್ ಎಣ್ಣೆ ಮಾತ್ರ. ಮಂಗಳೂರಿನಿಂದ ಟೆಕ್ನಿಷಿಯನ್ ಬರಲು ಒಂಬತ್ತು ದಿನ. ಜುಲೈಯಲ್ಲಿ ಎಲ್ಲರ ಯಂತ್ರವೂ ಕೆಡುತ್ತದೆ, ಅವರ ತಪ್ಪೂ ಅಲ್ಲ. ಬಂದವರು ಮೋಟಾರಿನ ಮುಚ್ಚಳ ತೆಗೆದಾಗ ಒಳಗೆ ಕೆಂಪು ಧೂಳು, ಕೂದಲು ಸೇರಿ ಒಂದು ಮುಷ್ಟಿ ಕಸ. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪ್ಲಗ್ ಕಿತ್ತು, ಮುಚ್ಚಳ ತೆಗೆದು ವ್ಯಾಕ್ಯೂಮ್ ಮಾಡುತ್ತೇವೆ. ಬೆಲ್ಟ್ ಅಂಚನ್ನು ಎತ್ತಿ ಅಡಿಗೆ ಬೆರಳು ಹಾಕಿ ನೋಡುತ್ತೇವೆ. ಬೆರಳಿಗೆ ಜಿಡ್ಡು ತಾಗದಿದ್ದರೆ ಎಣ್ಣೆ. ಗುಡುಗು ಕೇಳಿದರೆ ಪ್ಲಗ್ ಹೊರಗೆ.

ಶೂಗೆ ಪರಿಹಾರ ದಂಡದಿಂದ ಬರಲಿಲ್ಲ, ಗೂಡಿನಿಂದ ಬಂತು. ಗೋಡೆಗೆ 80 ಪ್ಲೈವುಡ್ ಗೂಡು ಮಾಡಿಸಿ, ಒಳಗೆ ಹಾಕುವ ಶೂ ಇಲ್ಲೇ ಇಟ್ಟು ಹೋಗಿ ಎಂದೆವು. ಒಣ ಶೂ ಮಾತ್ರ. ಹೊರಗಿನಿಂದ ಚಪ್ಪಲಿಯಲ್ಲಿ ಬನ್ನಿ. ಮಳೆಯಲ್ಲಿ ಶೂ ನೆನೆಯುವುದು ಯಾರಿಗೂ ಇಷ್ಟವಿಲ್ಲವಲ್ಲ, ಒಂದೇ ವಾರದಲ್ಲಿ ಗೂಡು ಸಾಲದೆ ಬಂತು. ಗೋಣಿಚೀಲ ಹೋಯಿತು. ಮೆಟ್ಟಿಲ ಬಳಿ ತೆಂಗಿನ ನಾರಿನ ಹಾಸು, ಬಾಗಿಲಲ್ಲಿ ತೂತಿನ ರಬ್ಬರ್ ಹಾಸು, ಒಳಗೆ ದಿನಕ್ಕೆ ಎರಡು ಸಲ ಬದಲಿಸುವ ಹತ್ತಿಯ ಹಾಸು.

ಕೊಡೆಯದ್ದು ಬೇರೆಯೇ ಕಥೆ. ಬಾಗಿಲ ಹೊರಗೆ ಡ್ರಮ್ ಇಟ್ಟೆವು. ಯಾರೂ ಹಾಕಲಿಲ್ಲ, ಎಲ್ಲರೂ ತೊಟ್ಟಿಕ್ಕುವ ಕೊಡೆಯನ್ನು ಒಳಗೆ ತಂದು ಯಂತ್ರಕ್ಕೆ ತೂಗಿಸಿದರು. ಕಳ್ಳತನದ ಭಯ. ನಮ್ಮೂರಲ್ಲಿ ಬೇರೆ ಏನನ್ನು ಮುಟ್ಟದವರೂ ಮಳೆ ಬರುವಾಗ ಇನ್ನೊಬ್ಬರ ಕೊಡೆಗೆ ಕೈ ಹಾಕುತ್ತಾರೆ. ಡ್ರಮ್ಮನ್ನು ನಾಲ್ಕಡಿ ಪಕ್ಕಕ್ಕೆ ಸರಿಸಿದೆವು. ಈಗ ಅದು ಒಳಗಿನ ದೊಡ್ಡ ಕನ್ನಡಿಯಲ್ಲಿ ಕಾಣುತ್ತದೆ. ಬೈಸೆಪ್ಸ್ ನೋಡಿಕೊಳ್ಳುತ್ತಲೇ ಕೊಡೆಯನ್ನೂ ನೋಡಿಕೊಳ್ಳಬಹುದು. ಡ್ರಮ್ ತುಂಬುತ್ತದೆ.

ಕೇಬಲ್ ಯಂತ್ರಗಳ ಬಗ್ಗೆ ಒಂದೇ ಮಾತು. ಸೋಮವಾರ ಮಧ್ಯಾಹ್ನ ಒಣ ಹತ್ತಿ ಬಟ್ಟೆಯಲ್ಲಿ ಕೇಬಲ್ ಹಿಡಿದು ತುದಿಯಿಂದ ತುದಿಗೆ ಎಳೆಯುತ್ತೇವೆ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಒಳಗಿನ ತಂತಿ ಹೊರಬಂದಿದೆ, ಯಂತ್ರ ಅಲ್ಲಿಗೆ ಬಂದ್. ಹಾಗೆ ಒಂದು ಸಿಕ್ಕಿತು, ಹಿಡಿಕೆಯ ಹತ್ತಿರ. ಹಿಡಿತಕ್ಕೆಂದು ಕೈಗೆ ಹಚ್ಚುವ ಚಾಕ್ ಪುಡಿ ಬಾರ್‌ಬೆಲ್‌ಗಳ ಗೀರುಗಳಲ್ಲಿ ಕೂತು, ತೇವ ಹೀರಿ ಅಲ್ಲೇ ತುಕ್ಕು ಹುಟ್ಟಿಸುತ್ತದೆ. ವಾರಕ್ಕೊಮ್ಮೆ ನೈಲಾನ್ ಬ್ರಶ್, ಒಂದು ಹನಿ ಮೆಷಿನ್ ಎಣ್ಣೆ, ಮತ್ತೆ ಒಣ ಬಟ್ಟೆ. ನಮ್ಮ ಗೋಡೆಯಲ್ಲಿ ವೇಟ್‌ಲಿಫ್ಟರ್ ಗುರುರಾಜ್ ಪೂಜಾರಿಯವರ ಚಿತ್ರ ಇದೆ, ನಮ್ಮ ಜಿಲ್ಲೆಯವರೇ, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು. ಅವರನ್ನು ನೋಡಿ ಚಾಕ್ ಹಚ್ಚುವವರು ಬಹಳ, ಬಾರ್ ಒರೆಸುವವರು ಕಡಿಮೆ.

ಯಾರು ಮಾಡುವುದು?

ರಶ್ ಇರುವಾಗಲೇ ಒಬ್ಬರು ಬಟ್ಟೆ ಹಿಡಿದು ಓಡಾಡಬೇಕು. ಇದು ಗೊತ್ತಾದ ಮೇಲೆ ಅಕ್ಕನನ್ನು ಸಂಜೆ ಬನ್ನಿ ಎಂದೆ. ಅವರ ಊರಿಗೆ ಕೊನೆಯ ಬಸ್ ಏಳೂವರೆಗೆ. ಆಗದು ಎಂದರು, ಸರಿಯೇ. ಬೆಳಗಿನ ಅವರ ಸಮಯವನ್ನು ಎಂಟೂವರೆಯಿಂದ ಹನ್ನೊಂದಕ್ಕೆ ಮಾಡಿದೆವು, ಅಂದರೆ ಜನ ಹೋದ ಕೂಡಲೇ, ಒಣಗಲು ಇಡೀ ದಿನ ಸಿಗುವ ಹಾಗೆ. ಗಂಟೆ ಕಡಿಮೆಯಾಯಿತು, ಸಂಬಳ ಕಡಿಮೆ ಮಾಡಲಿಲ್ಲ. ಇದಕ್ಕೂ ಪಾಲುದಾರನ ಹತ್ತಿರ ಸ್ವಲ್ಪ ಜಗಳವಾಯಿತು. ಸಂಜೆಗೆ ಒಬ್ಬ ಕಾಲೇಜು ಹುಡುಗ. ಅವನಿಗೆ ಸದಸ್ಯತ್ವ ಫ್ರೀ, ಜೊತೆಗೆ ಕೈಖರ್ಚಿಗೆ ದುಡ್ಡು. ಏಳರಿಂದ ಒಂಬತ್ತೂವರೆ. ಇಪ್ಪತ್ತು ನಿಮಿಷಕ್ಕೊಂದು ಸುತ್ತು, ಬೆಂಚು, ಹಿಡಿಕೆ, ನೆಲದ ಬೆವರ ಹನಿ. ಪರೀಕ್ಷೆ ಬಂದಾಗ ಅವನು ಬರುವುದಿಲ್ಲ, ಆ ದಿನ ಬಟ್ಟೆ ನನ್ನ ಕೈಯಲ್ಲಿ.

ಒಬ್ಬರು ಕಣ್ಣೆದುರು ಒರೆಸುತ್ತಿದ್ದರೆ ಉಳಿದವರಿಗೂ ನಾಚಿಕೆಯಾಗುತ್ತದೆ. ಬೋರ್ಡ್ ಬರೆಸಿ ಆಗದ್ದು ಹೀಗೆ ಆಯಿತು. ಇನ್ನೊಂದು ದಿನ ಸಂಜೆ ಕೂತು ಎಣಿಸಿದೆ, 59 ಜನರಲ್ಲಿ 38 ಮಂದಿ ಬಟ್ಟೆ ತೆಗೆದುಕೊಂಡರು.

ವಿಟ್ಲಪಿಂಡಿ ಮುಗಿದ ಮರುದಿನ ಹುಲಿವೇಷದ ಹುಡುಗರು ಬಂದರು. ಮೂರು ಸಲ ಸ್ನಾನ ಮಾಡಿದ್ದೇವೆ ಅಣ್ಣ ಎಂದರು. ಕಿವಿಯ ಹಿಂದೆ ಇನ್ನೂ ಹಳದಿ. ಬೆವರು ಬಂದ ಮೇಲೆ ಉಳಿದ ಬಣ್ಣ ಎಲ್ಲ ಹೊಸ ರೆಕ್ಸಿನ್ ಮೇಲೆ, ಹುಲಿ ಮಲಗಿ ಎದ್ದು ಹೋದ ಹಾಗೆ ಪಟ್ಟೆ ಪಟ್ಟೆ. ಒಬ್ಬ ಥಿನ್ನರ್ ತರಲು ಹೊರಟಿದ್ದ, ತಡೆದೆ. ಅದು ಬಣ್ಣದ ಜೊತೆ ರೆಕ್ಸಿನ್ನನ್ನೂ ತಿನ್ನುತ್ತದೆ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಸಾಬೂನು ನೀರಲ್ಲಿ ಒರೆಸಿದಾಗ ಮುಕ್ಕಾಲು ಭಾಗ ಹೋಯಿತು. ಮೂರನೇ ಬೆಂಚಿನ ತಲೆಯ ಹತ್ತಿರ ಒಂದು ಹಳದಿ ಕಲೆ ಈಗಲೂ ಇದೆ.

ಉಳಿದದ್ದು ಬಾತ್‌ರೂಮ್. ಅಲ್ಲಿನ ನೀರು ಹೋಗುವ ಪೈಪಿಗೆ ಇಳಿಜಾರು ಸಾಲದು. ಕಟ್ಟಡದವರು ನೋಡೋಣ ಎನ್ನುತ್ತಾ ಎರಡನೇ ಮಳೆಗಾಲಕ್ಕೆ ಬಂದಿದ್ದೇವೆ. ಅಲ್ಲಿ ಮಾತ್ರ ಇನ್ನೂ ವೈಪರ್ ಹಿಡಿದು ನೀರು ತಳ್ಳುವುದೇ. ಅಕ್ಕ ಬೆಳಿಗ್ಗೆ ಬಂದವರು ಬ್ಯಾಗ್ ಇಡುವ ಮೊದಲು ಗೋಡೆಯ ಮೀಟರ್ ನೋಡುತ್ತಾರೆ. ಮೊನ್ನೆ 74 ಇತ್ತು. “ನಿನ್ನೆ ರಾತ್ರಿ ಎಸಿ ಬೇಗ ಆಫ್ ಮಾಡಿದ್ದು ಯಾರು?” ಎಂದು ಕೇಳಿದರು. ಮಾಡಿದ್ದು ನಾನೇ.